ಚಾಂದನಿಗೆ ಅನ್ನೂ ಶಾಬಾಸ್

ಅತುಲನ ಪಪ್ಪಾರಿಗೆ,

ನಾ ಗಡಹಿಂಗ್ಲಜಕ್ಕ ತವರಿಗೆ ಹೊಂಟೀನಿ, ನಾಳೆ ಬರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ, ಹೆಸರುಕಾಳಿನ ಪಲ್ಯಾ ಮುಚ್ಚಿಟ್ಟೀನಿ. ಹೊತ್ತು ಮುಳುಗೂದರಾಗ ಉಣ್ಣರಿ. ಕುದುರಿ ತಬೇಲಾದಾಗ ಕತ್ತಲಾತು, ಜೈನರು ರಾತ್ರಿ ಉಣ್ಣಂಗಿಲ್ಲ ಅಂತ ಮತ್ತ ಉಪವಾಸ ಮಲಗಬ್ಯಾಡ್ರಿ.

ಕಬನೂರಿನ ಮಗ್ಗ ಮಾರಿ ಕುದುರಿ ಕುಣಿಸೂ ಡ್ರೆಸಾಜ್ ಹಿಡದಾಗ ನಾ ಬ್ಯಾಡ ಅನಲಿಲ್ಲ. ಪರದೇಶದ ಸ್ಪರ್ಧಾಕ್ಕ ಹೋಗ್ರಿ, ನಾಕು ಮಂದಿಗೆ ಕಲಸ್ರಿ. ಆದ್ರ ನನ್ನ ಕೊಬ್ಬರಿ ಎಣ್ಣಿ ಒಯ್ದು ಆ ಚಾಂದನಿ ಬಾಲಕ್ಕ ಹಚ್ಚಬ್ಯಾಡ್ರಿ. ಕುದುರಿಗೆ ಜಡಿ ಹಾಕಾಕ ತಾಸುಗಟ್ಟಲೆ ನಿಂದರ್ತೀರಿ. ಮೊನ್ನೆ ನಾ ಅರ್ಧ ಕೂದಲ ಕತ್ತರಿಸಿಕೊಂಡು ಬಂದ್ರೂ ನಿಮಗ ಕಾಣಲಿಲ್ಲ.

ನಿನ್ನೆ ತಾಟು ಇಟ್ಟಾಗ ಮೊಬೈಲಿನಾಗ ಚಾಂದನಿ ವಿಡಿಯೋನ ನೋಡಿಕೋತ ನನ್ನ ಕುತ್ತಿಗಿ ತಟ್ಟಿ "ಶಾಬಾಸ್, ನನ್ನ ಬಂಗಾರ" ಅಂದ್ರಿ. ಅದು ಚಾಂದನಿಗೆ ಅನ್ನೂ ಮಾತು, ನನಗ ಗೊತ್ತೈತಿ. ಸಿಟ್ಟಿಗೆದ್ದು ಒಳಗ ಹೋದ್ಲು ಅಂತ ತಿಳಕೊಂಡಿರಬೇಕು ನೀವು. ಸಿಟ್ಟಲ್ಲ ಅದು. ಲಗ್ನ ಆದಾಗಿಂದ ನನಗ ಯಾರೂ ಹಂಗ ಅಂದಿರಲಿಲ್ಲ.

ಇನ್ನೊಮ್ಮೆ ಅನ್ನೂದಾದ್ರ ನನ್ನ ಮಾರಿ ನೋಡಿ ಅನ್ರಿ.

ರುಪಾಲಿ