ಕಸುಬಿನ ಕಾಲಂ

ಅಲ್ ಅಜೈಬಾ, ಮಸ್ಕತ್
ಗುರುವಾರ, ನವೆಂಬರ್ 6, 2025

ನನ್ನ ಅವ್ವನಿಗೆ, ನಿನ್ನ ಪ್ರತಿಮಾ ಇಲ್ಲಿಂದಲೇ ಕಾಲುಮುಟ್ಟಿ ಮಾಡುವ ನಮಸ್ಕಾರ.

ದಿನಾ ಫೋನಿನಲ್ಲಿ ಮಾತಾಡುವವಳು ಇವತ್ತು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಎಲ್ಲರೂ ಆರಾಮ ಇದ್ದೇವೆ. ವಾದಿ ಅದಾಯ್‌ನ ಗ್ಯಾರೇಜಿನಲ್ಲಿರುವ ನಮ್ಮೂರ ಈರಣ್ಣ ನಾಳೆ ರಜೆಗೆ ಗುಳೇದಗುಡ್ಡಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ಮತ್ರಾದಿಂದ ತಂದ ಒಂದು ಡಬ್ಬಿ ಹಲ್ವಾ, ನೇಕಾರರ ಸಂಘದ ಕಾರ್ಯದರ್ಶಿಗಳ ಹೆಸರಿನ ಒಂದು ಅಂಟಿಸಿದ ಲಕೋಟೆ ಕಳಿಸುತ್ತಿದ್ದೇನೆ. ನಿನ್ನ ಸಕ್ಕರೆ ಕಾಯಿಲೆ ನನಗೆ ಮರೆತಿಲ್ಲ, ಒಂದು ಚಮಚ ತಿಂದು ಉಳಿದದ್ದನ್ನು ಓಣಿಗೆ ಹಂಚು. ಲಕೋಟೆಯನ್ನು ಮಾತ್ರ ಒಡೆಯಬೇಡ. ಒಡೆದರೆ ಅವರು ತೆಗೆದುಕೊಳ್ಳುವುದಿಲ್ಲ.

ತಿಂಗಳ ಕೊನೆಗೆ ಮಗ್ಗ ಬಿಚ್ಚಿಕೊಂಡು ಹೋಗುತ್ತಾರಂತೆ ಎಂದು ನೀನು ಹೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಮಗ್ಗ ಸಂಘದ್ದು, ಸರಿ. ಅಪ್ಪ ಹೋಗಿ ಎರಡು ವರ್ಷವಾಯಿತು, ಅದೂ ಸರಿ. ಆದರೆ ಪಟ್ಟಿಯ ಪ್ರಕಾರ ಈ ಮನೆಯಲ್ಲಿ ನೇಕಾರರೇ ಇಲ್ಲ ಅಂದರಲ್ಲ, ಹಾಗಾದರೆ ನಲವತ್ತು ವರ್ಷ ಆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಯಾರು? ಹದಿನಾರು ವರ್ಷದ ಹಿಂದೆ ಮನೆಮನೆಯ ನೇಕಾರರನ್ನು ಎಣಿಸಲು ಬಂದ ಗುಮಾಸ್ತ ಅಪ್ಪನ ಮುಂದೆ ‘ನೇಕಾರ’ ಎಂದೂ ನಿನ್ನ ಮುಂದೆ ‘ಮನೆಕೆಲಸ’ ಎಂದೂ ಬರೆದ. ಅಪ್ಪ ಹೋದ ಮೇಲೆ ಅದು ಗೊತ್ತಾದಾಗಿನಿಂದ ಅವನ ಕೈ ಸೇದಿಹೋಗಲಿ ಎಂದು ನೀನು ಶಪಿಸುತ್ತಲೇ ಇದ್ದೀ. ಅವನು ತೀರಿಹೋಗಿಯೂ ಆಯಿತು. ಆ ದಿನ ಮನೆಯಲ್ಲಿದ್ದವರು ಯಾರಾದರೂ ಬರೆದದ್ದು ತಪ್ಪೆಂದು ಸಹಿ ಮಾಡಿ ಕೊಟ್ಟರೆ ತಿದ್ದುತ್ತೇವೆ ಎಂದು ಕಾರ್ಯದರ್ಶಿಗಳು ಅಂದರಂತಲ್ಲ, ಆ ದಿನ ನೀನೂ ಅಪ್ಪನೂ ಬಾಗಲಕೋಟೆ ಆಸ್ಪತ್ರೆಗೆ ಹೋಗಿದ್ದಿರಿ. ಮನೆಯಲ್ಲಿದ್ದವಳು ನಾನೊಬ್ಬಳೇ. ಲಕೋಟೆಯಲ್ಲಿರುವುದು ಅದೇ ಬರಹ.

ಇದನ್ನು ಬರೆಯಲು ಇಷ್ಟು ದಿನ ಯಾಕೆ ಹಿಡಿಯಿತು ಎಂದು ನೀನು ಕೇಳುತ್ತೀ. ಹೇಳುತ್ತೇನೆ.

ಮಗಳ ಶಾಲೆಯ ಬಸ್ಸು ಹೋದ ಮೇಲೆ ನಾನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಒಂದು ಕೆಲಸ ಮಾಡುತ್ತೇನಲ್ಲ, ‘ಏನೋ ಟೈಪು’ ಅಂತ ನೀನು ಅನ್ನುತ್ತೀಯಲ್ಲ, ಅದು ಇಂಗ್ಲೆಂಡಿನ ಒಂದು ಸಣ್ಣ ಪೇಟೆಯ ಹಳೆಯ ದಫ್ತರ. ಇನ್ನೂರೈವತ್ತು ಮುನ್ನೂರು ವರ್ಷದ ಹಿಂದಿನದು. ಅಲ್ಲಿಯವರು ಅದರ ಫೋಟೋ ಕಳಿಸುತ್ತಾರೆ, ನಾನು ಓದಿ ಹೆಸರು, ವರ್ಷ, ಕಸುಬು ಎಂದು ಕಾಲಂ ತುಂಬುತ್ತೇನೆ. ಊರಿಗೆ ಊರೇ ಬಟ್ಟೆಯ ಮೇಲೆ ಬದುಕಿದ್ದು ಅವ್ವಾ, ನಮ್ಮ ಹಾಗೆಯೇ. ಉಣ್ಣೆ ಬಾಚುವವನು, ಬಣ್ಣ ಹಾಕುವವನು, ನೇಯ್ದದ್ದನ್ನು ನೀರಲ್ಲಿ ತುಳಿದು ಗಟ್ಟಿ ಮಾಡುವವನು, ಮೇಲಿನ ಜುಂಗು ಕತ್ತರಿಸುವವನು. ಸಂತೆಯ ದಿನ ಅವರಿಗೆಲ್ಲ ರೊಟ್ಟಿ ಸುಡುವವನಿಗೂ, ಶ್ರೀಮಂತರ ತಲೆಗೆ ಕೂದಲಿನ ಟೋಪಿ ಕಟ್ಟುವವನಿಗೂ ಕಸುಬು ಬರೆದಿದ್ದಾರೆ. ಹೆಂಗಸರ ಮುಂದೆ ಮಾತ್ರ ಹೆಂಡತಿ, ಮಗಳು, ವಿಧವೆ. ಅಷ್ಟೊಂದು ನೂಲನ್ನು ಬೆಕ್ಕು ನೂತಿತೇ ಎಂದು ನನಗೆ ನಗು ಬರುತ್ತಿತ್ತು.

ಹೋದ ತಿಂಗಳು ಜೂಡಿತ್ ಎಂಬ ಒಬ್ಬಾಕೆ ಸಿಕ್ಕಳು. ಹೆಸರಿನ ಮುಂದೆ ‘ವಿಧವೆ’ ಅಷ್ಟೇ. ಆಕೆ ಸತ್ತಾಗ ಮನೆಯ ಸಾಮಾನು ಪಟ್ಟಿ ಮಾಡಿದ ಹಾಳೆಯೂ ಇತ್ತು. ಎರಡು ಪಾತ್ರೆ, ಒಂದು ಮಂಚ, ಒಂದು ಮಗ್ಗ, ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ, ಮಗ್ಗಕ್ಕೆ ತೂಗುಹಾಕಿದ ಒಂದು ಕನ್ನಡಕ. ಗಂಡ ಹೋಗಿ ಹನ್ನೊಂದು ವರ್ಷವಾಗಿತ್ತು. ನೀನೂ ಕನ್ನಡಕವನ್ನು ದಾರ ಕಟ್ಟಿ ಮಗ್ಗಕ್ಕೇ ತೂಗುಹಾಕುತ್ತೀ. ಹಾಳೆ ಮಸುಕಾಯಿತು, ಕಣ್ಣು ಒರೆಸಿಕೊಂಡು ನೋಡಿದೆ. ಕಸುಬಿನ ಕಾಲಮ್ಮಿನಲ್ಲಿ ‘ನೇಕಾರಳು’ ಎಂದು ನಾನೇ ತುಂಬಿದೆ.

ಕೆಲಸ ನೋಡಿಕೊಳ್ಳುವ ಇಸಾಬೆಲ್ಲಾ ಎಂಬಾಕೆ ಮರುದಿನವೇ ಕೇಳಿದರು. ಇದು ಮೂಲದಲ್ಲಿಲ್ಲ, ಕೂಲಿಯವನು ನೇಯ್ದಿರಬಹುದಲ್ಲ ಎಂದರು. ಕೂಲಿಯವನು ಸಂಜೆ ತನ್ನ ಕನ್ನಡಕ ತೆಗೆದುಕೊಂಡು ಮನೆಗೆ ಹೋಗುತ್ತಾನೆ ಎಂದು ಬರೆದೆ. ಆಕೆ ಒಪ್ಪಿದರು. ನಿಮ್ಮ ಮನೆಯಲ್ಲಿ ನೇಯುತ್ತಿದ್ದವರು ಯಾರು ಎಂದು ವಿಚಾರಿಸಿದರು. ‘ನನ್ನ ತಂದೆ’ ಎಂದು ಟೈಪು ಮಾಡಿ, ಕಳಿಸುವ ಮೊದಲು ಬೆರಳು ನಿಂತಿತು. ಅಪ್ಪನ ಎದೆ ಕೆಟ್ಟ ಮೇಲೆ ಕುಪ್ಪಸದ ಖಣ ನೇಯ್ದವಳು ನೀನು, ಸಂಘಕ್ಕೆ ಹೆಗಲ ಮೇಲೆ ಒಯ್ದವನು ಅಪ್ಪ. ಮಗ್ಗಕ್ಕೆ ಹೊಸ ಹಾಸುನೂಲು ಬಂದಾಗಲೆಲ್ಲ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಹೊಸೆದು ಕೆಚ್ಚಿದವಳೂ ನೀನೇ. ಅಳಿಸಿ, ‘ನನ್ನ ತಾಯಿ ದ್ಯಾಮವ್ವ’ ಎಂದು ಬರೆದೆ. ಕಂಡೇ ಇರದ ಹೆಂಗಸಿನ ಪರ ಇಷ್ಟು ವಾದ ಮಾಡಿದವಳು ನಿನ್ನ ಪರ ಒಂದು ಸಾಲು ಬರೆಯಲು ಎರಡು ವರ್ಷ ಮಾಡಿದೆ. ಕ್ಷಮಿಸು.

ಮಗ್ಗ ಬಿಚ್ಚಲು ಬಂದರೆ ಲಕೋಟೆ ತೋರಿಸು, ಬಡಿದಾಡಬೇಡ. ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಪ್ರತಿಮಾ

ತಾ.ಕ.: ಈರಣ್ಣ ಬರಲು ಇನ್ನೂ ಒಂದು ತಾಸಿದೆ. ಮಡಿಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಲಕೋಟೆ ಒಡೆದರೆ ತೆಗೆದುಕೊಳ್ಳುವುದಿಲ್ಲ ಅಂದದ್ದು ಸುಳ್ಳು. ಅದರಲ್ಲಿರುವುದನ್ನು ನೀನು ಕಾರ್ಯದರ್ಶಿಗಳ ಬಾಯಿಂದ ಕೇಳಬಾರದು. ಆ ಗುಮಾಸ್ತನ ಬೆರಳಿಗೆ ಏಟು ಬಿದ್ದು ಪಟ್ಟಿ ಕಟ್ಟಿತ್ತು. ಫಾರಂ ತುಂಬಲು ನನ್ನ ಕೈಗೆ ಕೊಟ್ಟ. ಮಗ್ಗ ನೋಡಿ ಅವನಾಗಿಯೇ ಕೇಳಿದ, “ನಿಮ್ಮವ್ವಾರೂ ನೇಯತಾರೇನವಾ?” ಆ ವಾರ ನಿನ್ನ ಅಳಿಯ ಶಿವಪ್ರಕಾಶರ ಮನೆಯವರು ನನ್ನನ್ನು ನೋಡಲು ಬರುವವರಿದ್ದರು. “ಇಲ್ರೀ, ಮನಿಯಾಗ ಇರತಾಳ” ಅಂದೆ, ಹಾಗೆಯೇ ಬರೆದೆ. ನಿನ್ನ ಕೆಲಸಕ್ಕೆ ನನಗೆ ನಾಚಿಕೆಯಾಗಿತ್ತು ಅವ್ವಾ. ನೀನು ಎರಡು ವರ್ಷದಿಂದ ಶಪಿಸುತ್ತಿರುವ ಕೈ ಇದೇ. ಲಕೋಟೆ ಒಡೆದು ಓದು. ಸಿಟ್ಟಿಗೆ ಹರಿದು ಒಗೆಯಬೇಡ, ಸಂಘಕ್ಕೆ ಕೊಟ್ಟು ಮಗ್ಗ ಉಳಿಸಿಕೋ. ಆಮೇಲೆ ಫೋನು ಮಾಡಿ ನನ್ನನ್ನು ಬೈಯಿ, ಎತ್ತುತ್ತೇನೆ.