ಹಂಸಾಬೆನ್ ಕೊಟ್ಟ ಕೊನೆಯ ಗಂಟು

ಮನಸ್ವಿನಿ,

ಇವತ್ತು ಬೆಳಿಗ್ಗೆ ಬರೀ ಅಂಗೈ ತೋರಿಸಿ ನಲವತ್ತು ಬಿಆರ್‌ಟಿಎಸ್ ಬಸ್ಸು ನಿಲ್ಲಿಸಿದೆ. ಅರ್ಧ ಗಂಟೆ ಇಡೀ ಅಹಮದಾಬಾದ್ ಅಲುಗಾಡಲಿಲ್ಲ.

ಚಪಾತಿ ಹಿಟ್ಟು ಕಲಸಿಟ್ಟಿದ್ದೇನೆ. ಹಾಲು ಉಕ್ಕಿತ್ತು, ಒಲೆ ಒರೆಸಿದ್ದೇನೆ. ಶಾಲೆ ಬಿಡುವ ಹೊತ್ತಾಗುತ್ತಾ ಬಂತು, ಇದನ್ನು ಬರೆದಿಟ್ಟು ಹೊರಡುತ್ತೇನೆ.

ಪಕ್ಕದ ಮನೆಯ ಹಂಸಾಬೆನ್ ಮಾಡುವುದೇನು ಮಹಾ? ಹಳೇ ಸೀರೆ ಹೊಸೆದು ಹನ್ನೆರಡು ಗಂಟು ಹಾಕಿ, ಗಂಟಿಗೊಂದು ಮಗು ಹಿಡಿಸಿ ಶಾಲೆಗೆ ನಡೆಸುತ್ತಾರೆ, ಅಷ್ಟೇ. ನಮ್ಮ ಕೃಪಾ ಅಜ್ಜನ ಕೈ ಬಿಟ್ಟು ಆ ಗಂಟಿಗೆ ಜೋತುಬಿದ್ದಿದ್ದಾಳೆ. ಈ ಕೈಗೆ ಏನು ಕಮ್ಮಿಯಾಗಿತ್ತು?

ಹೇಗೂ ಅವಳು ನಿನಗೆ ಹೇಳುತ್ತಾಳೆ, ನಾನೇ ಬರೆದುಬಿಡುತ್ತೇನೆ. ಬಸ್ಸು ಗಿಸ್ಸು ಏನೂ ನಿಲ್ಲಿಸಲಿಲ್ಲ. ತರಕಾರಿ ಗಾಡಿಯ ಮರೆಯಲ್ಲಿ ಅವರನ್ನು ಹಿಂಬಾಲಿಸುತ್ತಾ ಸಿಕ್ಕಿಬಿದ್ದೆ. “ದಾದಾ, ಆಪ್ ಭೀ ಪಕಡೋ” ಎಂದು ಹಂಸಾಬೆನ್ ಇವತ್ತು ಖಾಲಿ ಇದ್ದ ಕೊನೆಯ ಗಂಟನ್ನು ನನ್ನ ಕೈಗಿಟ್ಟರು. ಕೃಪಾ ತಿರುಗಿ ನೋಡಿ, “ಅಜ್ಜಾ, ರೆಡ್ ಲೈಟ್‌ಗೆ ರನ್ ಮಾಡೋದಿಲ್ಲ, ಪ್ರಾಮಿಸ್?” ಎಂದಳು.

ಹೋದ ವಾರ ಕೆಂಪು ದೀಪವಿದ್ದಾಗಲೇ ಅವಳನ್ನು ಎಳೆದುಕೊಂಡು ರಸ್ತೆ ದಾಟಿದ್ದೆ. ಆಟೋ ಮೈಮೇಲೆ ಬರುವುದರಲ್ಲಿತ್ತು. ನಿನಗೆ ಹೇಳಿರಲಿಲ್ಲ. ಅವಳು ನನ್ನ ಕೈ ಬಿಟ್ಟದ್ದು ಅದಕ್ಕೇ, ಹಂಸಾಬೆನ್ ಕಿತ್ತುಕೊಂಡದ್ದಲ್ಲ.

ಮಾವ