ಗ್ರೈಂಡರ್ ಹಾಕಿದ ಮೇಲೆ

ಗುರುವಾರ, ನವೆಂಬರ್ ೧೪

ಜಾಹೀರಾತು ಫಿಲ್ಮಿನ ಶೂಟಿಂಗಿಗೆ ಸದ್ದಿಲ್ಲದ ಜಾಗ ಬೇಕೆಂದು ಎಲ್ಲ ಕಂಪನಿಯವರಿಗೂ ಹೇಳುವವನು ನಾನೇ. ಇವತ್ತು ಮುಂಬಯಿಯ ಮಲಾಡಿನ ಹೋಟೆಲಿನಲ್ಲೂ ಫ್ಯಾನು, ಫ್ರಿಜ್ಜು, ಹಿಟ್ಟು ರುಬ್ಬುವ ಗ್ರೈಂಡರು ಎಲ್ಲವನ್ನೂ ನಿಲ್ಲಿಸಿದೆ. ಹೋಟೆಲಿನ ಕಥೆಯನ್ನು ಮಾಲಕಿ ಮೋಹಿನಿಯಕ್ಕನ ಬಾಯಿಂದಲೇ ಹೇಳಿಸಬೇಕೆಂದು ನಾನೇ ಯೋಚಿಸಿದ್ದೆ. ಆದರೆ ಕ್ಯಾಮೆರಾ ಮುಂದೆ ಕೂತ ಅವರಿಗೆ ಮಾತೇ ಹೊರಡಲಿಲ್ಲ. ಸೆರಗಿನಿಂದ ಮತ್ತೆ ಮತ್ತೆ ಬೆವರು ಒರೆಸಿಕೊಂಡರು.

"ಆ ಗ್ರೈಂಡರ್ ಒಂದು ಹಾಕಿ ಮಾರಾಯ್ರೆ. ನಮ್ಮ ಯಜಮಾನ್ರು ತೀರಿಹೋದ ದಿನ ಬಿಟ್ರೆ ಈ ಹೊತ್ತಿಗೆ ಅದು ನಿಂತದ್ದೇ ಇಲ್ಲ."

"ಮಮ್ಮಿ, ಸೌಂಡ್ ಖರಾಬ್ ಆಗ್ತದೆ ನಾ," ಎಂದಳು ಮಗಳು ಶ್ರೇಯಾ. ನನಗೆ ಈ ಕೆಲಸ ಕೊಟ್ಟವಳು ಅವಳು. ಆದರೂ ನಾನು ಎದ್ದು ಹೋಗಿ ಸ್ವಿಚ್ ಹಾಕಿದೆ.

ಗರಗರ ಶುರುವಾದದ್ದೇ ಅಕ್ಕನ ಮುಖ ಸಡಿಲವಾಯಿತು. ಬೆಳಗಿನ ಜಾವ ಗಂಡ ಹೆಂಡತಿ ಇಬ್ಬರೂ ಉದ್ದು ರುಬ್ಬುತ್ತಿದ್ದದ್ದು, ಅತ್ತೆಗೆ ಕೇಳಿಸದ ಹಾಗೆ ಆ ಸದ್ದಿನಲ್ಲೇ ಜಗಳ ಮುಗಿಸಿಕೊಳ್ಳುತ್ತಿದ್ದದ್ದು, ಎಲ್ಲವನ್ನೂ ನಗುತ್ತ ಹೇಳಿದರು. ಶ್ರೇಯಾ ಬಾಗಿಲಿಗೆ ಒರಗಿ ಕೇಳುತ್ತ ನಿಂತಳು.

ನನಗೆ ಬಾಂದ್ರಾ ನೆನಪಾಯಿತು. ಅಪ್ಪ ಅಲ್ಲಿಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ನಾವು ಮಲಗುತ್ತಿದ್ದದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಕೆಳಗೆ ಗ್ರೈಂಡರ್ ತಿರುಗಿದರೆ ಹಲಗೆ ಸಣ್ಣಗೆ ನಡುಗುತ್ತಿತ್ತು. ಅಪ್ಪ ಎದ್ದಿದ್ದಾರೆ ಎಂಬ ಧೈರ್ಯದಲ್ಲಿ ಮಗ್ಗುಲು ಬದಲಿಸುತ್ತಿದ್ದೆ.

ಈಗಷ್ಟೇ ಶ್ರೇಯಾಳ ಮೆಸೇಜ್ ಬಂತು. "ಗ್ರೈಂಡರ್ ಸೌಂಡ್ ತೆಗೀಬೇಡಿ ಪ್ಲೀಸ್. ಪಪ್ಪಾ ಒಳಗೆ ಇದ್ದ ಹಾಗೆ ಅನಿಸ್ತದೆ."

ಆಯ್ತು ಎಂದು ಬರೆದೆ.

ಇಷ್ಟು ವರ್ಷ ಯಾರು ಯಾರದೋ ಧ್ವನಿ ಹಿಡಿದಿಟ್ಟೆ. ತೀರಿಹೋದ ಅಪ್ಪನದು ಒಂದು ಮಾತೂ ನನ್ನಲ್ಲಿಲ್ಲ. ಚಿಕ್ಕಮ್ಮನ ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ, ಬಡಿಸುವಾಗ ಅಪ್ಪ ಯಾರನ್ನೋ ಕರೆದಿದ್ದರೇನೋ. ಆ ಕ್ಯಾಸೆಟ್ಟು ಭಾಂಡುಪಿನ ಚಿಕ್ಕಮ್ಮನ ಮನೆಯಲ್ಲೇ ಇದೆಯೋ ಏನೋ, ನಾಳೆ ಹೋಗಿ ಕೇಳಬೇಕು.